ನನ್ನ ಕೆಳಗೆ ಎಷ್ಟು ಹೆಸರು

2006ರ ಸೆಪ್ಟೆಂಬರಿನಲ್ಲಿ ಊರಿಗೆ ಫೋನ್ ಮಾಡಿ, ಅಮೆರಿಕದ ರೈಲ್ವೆಯಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿತು ಅಂದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಅಷ್ಟು ದೂರ ಹೋಗಿ ಟಿಕೆಟ್ ಹರಿಯೋ ಕೆಲಸವೇನೋ?"

ಅಪ್ಪ ಅರಸೀಕೆರೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಟಿಕೆಟ್ ಅಲ್ಲಪ್ಪ, ಗೂಡ್ಸ್ ಗಾಡಿ, ನಿಮ್ಮ ಗಾರ್ಡ್ ಇರ್ತಾರಲ್ಲ ಹಂಗೆ ಎಂದು ವಿವರಿಸಿದೆ. "ಹಂಗಾದ್ರೆ ಸರಿ. ರೈಲ್ವೆ ಅಂದ್ಮೇಲೆ ರಿಟೈರ್ ಆಗೋವರೆಗೂ ಯೋಚನೆಯಿಲ್ಲ" ಅಂದರು. ಎರಡೂವರೆ ವರ್ಷ ಕಳೆಯುವುದರೊಳಗೆ ನಾನು ಅಯೋವಾದ ಬಾಡಿಗೆ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಆ ಹದಿನಾಲ್ಕು ತಿಂಗಳನ್ನು ಹೇಗೆ ಕಳೆದೆವು ಅಂತ ಇಲ್ಲಿರುವ ಕೆಲವು ಕನ್ನಡದವರು ಆಗಾಗ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಲಸದ ವಿಷಯ. ಇಲ್ಲಿನ ಗೂಡ್ಸ್ ಗಾಡಿಗೆ ಇಬ್ಬರೇ. ಗಾಡಿ ಓಡಿಸುವವನನ್ನು ಎಂಜಿನಿಯರ್ ಅನ್ನುತ್ತಾರೆ, ಇನ್ನೊಬ್ಬ ಕಂಡಕ್ಟರ್. ಹಿಂದಿನ ಗಾರ್ಡ್ ಡಬ್ಬಿ 1980ರ ದಶಕದಲ್ಲೇ ಮಾಯವಾಗತೊಡಗಿತು. ಈಗ ಕೊನೆಯ ವ್ಯಾಗನ್ನಿಗೆ ಮಿನುಗುವ ಕೆಂಪು ದೀಪದ ಒಂದು ಪೆಟ್ಟಿಗೆ ಸಿಕ್ಕಿಸಿರುತ್ತಾರೆ. ಕಂಡಕ್ಟರ್ ಎಂಜಿನ್ನಿನಲ್ಲೇ ಕೂರುತ್ತಾನೆ. ಗಾಡಿಯ ಕಾಗದಪತ್ರ, ರೇಡಿಯೋ, ಸಿಗ್ನಲ್ ಕೂಗಿ ಹೇಳುವುದು ಅವನ ಪಾಲು. ವ್ಯಾಗನ್ ಜೋಡಿಸುವುದು, ಬಿಡಿಸುವುದು, ಹಳಿ ಬದಲಿಸುವ ಸ್ವಿಚ್ ತಿರುಗಿಸುವುದು, ಹ್ಯಾಂಡ್ ಬ್ರೇಕ್ ಬಿಗಿಯುವುದು, ಏನಾದರೂ ಕೆಟ್ಟರೆ ಇಳಿದು ನಡೆಯುವುದು ಎಲ್ಲ ಅವನೇ. ಗಾಡಿ ಒಂದೂವರೆ ಮೈಲಿ ಉದ್ದವಿದ್ದರೆ ನಡಿಗೆಯೂ ಅಷ್ಟೇ, ಆಮೇಲೆ ವಾಪಸ್ಸು.

ಈ ಕೆಲಸದಲ್ಲಿ ಮನುಷ್ಯನಿಗಿರುವ ಆಸ್ತಿ ಅಂದರೆ ಸೀನಿಯಾರಿಟಿ ತಾರೀಖು ಒಂದೇ. ಯಾವ ಪಾಳಿ, ಯಾವ ಗಾಡಿ, ಯಾವಾಗ ರಜೆ ಎಲ್ಲವೂ ಆ ತಾರೀಖಿನ ಮೇಲೆ. ನಮ್ಮ ಬ್ಯಾಚಿನ ಆರು ಜನರದ್ದೂ ಒಂದೇ ತಾರೀಖು. ಹಾಗಾಗಿ ತರಬೇತಿಯ ಕೋಣೆಯಲ್ಲಿ ಬೇಸ್‌ಬಾಲ್ ಟೋಪಿಯೊಳಗೆ ಚೀಟಿ ಹಾಕಿ ಎತ್ತಿಸಿದರು. ನನಗೆ ನಾಲ್ಕು ಬಂತು. ಪಕ್ಕದಲ್ಲಿದ್ದ, ಅದೇ ಸೀಮೆಯ ರೈತನ ಮಗನಿಗೆ ಮೂರು. ಇಬ್ಬರೂ ನಕ್ಕೆವು. ಮೂರಕ್ಕೂ ನಾಲ್ಕಕ್ಕೂ ಏನು ವ್ಯತ್ಯಾಸ ಅಂತ ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ನಮ್ಮಂಥ ಹೊಸಬರನ್ನು ಆಗ ಎಲ್ಲ ರೈಲ್ವೆಗಳೂ ರಾಶಿ ರಾಶಿ ತೆಗೆದುಕೊಳ್ಳುತ್ತಿದ್ದವು. 2001ರ ಕೊನೆಯಲ್ಲಿ ಆದ ಕಾಯ್ದೆಯಿಂದ ಮೂವತ್ತು ವರ್ಷ ಸೇವೆ ಮಾಡಿದವರು ಅರವತ್ತಕ್ಕೇ ಪೂರ್ತಿ ಪಿಂಚಣಿಯೊಂದಿಗೆ ಹೋಗಬಹುದಾಗಿತ್ತು. ಹಳಬರು ಸಾಲಾಗಿ ಹೊರಟರು. ಅದರ ಮೇಲೆ ಸರಕೂ ಜಾಸ್ತಿ. 2008ರ ಬೇಸಿಗೆಯ ಹೊತ್ತಿಗೆ ನಮ್ಮ ಟರ್ಮಿನಲ್ಲಿನ ಪಟ್ಟಿಯಲ್ಲಿ ನನ್ನ ಕೆಳಗೆ 41 ಹೆಸರು. ನಾನೂ ಸ್ವಲ್ಪ ಹಳಬ ಅನ್ನುವ ಗತ್ತು ಬಂದಿತ್ತು.

ದುಡ್ಡೂ ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಫೋನ್ ಬಂದಾಗಲೆಲ್ಲ ಹೋದರೆ, ಹಬ್ಬ ಹರಿದಿನ ನಿದ್ದೆ ಮರೆತರೆ, ಕಾಲೇಜು ಓದಿದವರಿಗಿಂತ ಹೆಚ್ಚಿಗೆ ಸಿಗುತ್ತಿತ್ತು. ಜೊತೆಯವರು ದೊಡ್ಡ ಪಿಕಪ್ ಕೊಂಡರು, ದೋಣಿ ಕೊಂಡರು, ಮನೆ ಕೊಂಡರು, ಎಲ್ಲ ಸಾಲದ ಮೇಲೆ. ನನಗೂ ಪಿಕಪ್ ಆಸೆಯಿತ್ತು. ಹೆಂಡತಿ ಬಿಡಲಿಲ್ಲ. "ರೀ, ನಿಮಗೆ ಸಂಬಳ ಅಂತ ಬರ್ತಿರೋದು ಅರ್ಧಾನೇ. ಮಿಕ್ಕಿದ್ದು ಓವರ್‌ಟೈಮು. ಅರ್ಧದಲ್ಲೇ ಸಂಸಾರ ಮಾಡೋಣ" ಅಂದಳು. ಅವಳು ಶಿಶುವಿಹಾರದಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದಳು. ಉಳಿದರ್ಧ ಬ್ಯಾಂಕಿಗೆ ಹೋಯಿತು. ಆಗ ಅವಳನ್ನು ಜುಗ್ಗಿ ಅಂತ ರೇಗಿಸಿದ್ದೆ. ಆಮೇಲೆ ಆ ಮಾತನ್ನು ಸಾಕಷ್ಟು ಸಲ ವಾಪಸ್ ತೆಗೆದುಕೊಂಡಿದ್ದೇನೆ.

ಆರ್ಥಿಕ ಕುಸಿತ ಪತ್ರಿಕೆಗೆ ಬರುವ ಮೊದಲು ಯಾರ್ಡಿಗೆ ಬರುತ್ತದೆ. ಇದನ್ನು ನಾನು ಕಣ್ಣಾರೆ ಕಂಡೆ. ನಡುವೆ ಬೆನ್ನುಮೂಳೆಯಂತೆ ಗೋಡೆಯಿದ್ದು ಎರಡೂ ಬದಿಗೆ ಹಲಗೆ ಪೇರಿಸುವ, ಮರ ಸಾಗಿಸುವ ವ್ಯಾಗನ್ನುಗಳಿವೆ, ಸೆಂಟರ್‌ಬೀಮ್ ಅನ್ನುತ್ತಾರೆ. ಮನೆ ಕಟ್ಟುವವರಿಲ್ಲದ ಮೇಲೆ ಹಲಗೆ ಯಾರಿಗೆ? 2007ರಲ್ಲೇ ಅವು ಖಾಲಿ ಬಂದು ನಮ್ಮ ಹಿಂದಿನ ಹಳಿಗಳಲ್ಲಿ ನಿಂತವು, ಅಡಿಯಲ್ಲಿ ಹುಲ್ಲು ಬೆಳೆಯಿತು. ಆಮೇಲೆ ಕಾರು ಸಾಗಿಸುವ ಎತ್ತರದ ವ್ಯಾಗನ್ನುಗಳ ಸರದಿ. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕ್ ಬಿದ್ದಾಗ ಟೀವಿಯಲ್ಲಿ ಎಲ್ಲರೂ ಬೆಚ್ಚಿಬಿದ್ದಂತೆ ಮಾತಾಡಿದರು. ನಮ್ಮ ಕ್ರೂ ರೂಮಿನಲ್ಲಿ ಯಾರೂ ಬೆಚ್ಚಲಿಲ್ಲ. ಅಲ್ಲಿದ್ದ ಪ್ರಶ್ನೆ ಬೇರೆ: ಪಶ್ಚಿಮದ ಬಂದರುಗಳಿಂದ ಬರುವ ಕಂಟೇನರ್ ಗಾಡಿ ವಾರಕ್ಕೆ ಎಷ್ಟು ಕಡಿಮೆಯಾಯಿತು?

ಗಾಡಿ ಕಡಿಮೆಯಾದರೆ ಜನರನ್ನು ಕೂಡಲೇ ಮನೆಗೆ ಕಳಿಸುವುದಿಲ್ಲ. ಮೊದಲು ಒಂದು ಪಾಳಿ ರದ್ದಾಗುತ್ತದೆ. ಆ ಪಾಳಿಯಲ್ಲಿದ್ದ ಹಳಬ ತನಗಿಂತ ಕಿರಿಯನೊಬ್ಬನ ಜಾಗ ಹಿಡಿಯುತ್ತಾನೆ. ಆ ಕಿರಿಯ ತನಗಿಂತ ಕಿರಿಯನನ್ನು ತಳ್ಳುತ್ತಾನೆ. ಇದಕ್ಕೆ ಬಂಪ್ ಅನ್ನುತ್ತಾರೆ. ಮೇಲೆ ಒಂದು ಕಲ್ಲು ಉರುಳಿದರೆ ಕೆಳಗಿನ ಹತ್ತು ಜನರ ಜಾಗ ಬದಲಾಗುತ್ತದೆ, ಕೊನೆಯವನು ಅಂಚಿನಿಂದ ಆಚೆ ಬೀಳುತ್ತಾನೆ. ಹಾಗೆ ಬಿದ್ದವನಿಗೆ ಫರ್ಲೋ. ವಜಾ ಅಲ್ಲ, ರಜೆಯೂ ಅಲ್ಲ. ಪಟ್ಟಿಯಲ್ಲಿ ಹೆಸರು ಇರುತ್ತದೆ, ಸಂಬಳ ಇರುವುದಿಲ್ಲ.

ಅಕ್ಟೋಬರಿನಲ್ಲಿ ನನ್ನ ಹಗಲು ಪಾಳಿ ಹೋಯಿತು, ರಾತ್ರಿ ಯಾರ್ಡಿಗೆ ಇಳಿದೆ. ನವೆಂಬರಿನಲ್ಲಿ ಅದೂ ಹೋಗಿ ಎಕ್ಸ್‌ಟ್ರಾ ಬೋರ್ಡಿಗೆ ಬಂದೆ: ಯಾರಾದರೂ ಗೈರಾದರೆ ಕರೆಯುವ ಪಟ್ಟಿ. ಫೋನ್ ಬಂದ ಒಂದೂವರೆ ಗಂಟೆಯಲ್ಲಿ ಡ್ಯೂಟಿಗೆ ನಿಂತಿರಬೇಕು. ಮೊದಲೆಲ್ಲ ಆ ಫೋನ್ ಬಡಿದುಕೊಂಡರೆ ಶಪಿಸುತ್ತಿದ್ದೆ. ಡಿಸೆಂಬರಿನಲ್ಲಿ ಅದು ಬಡಿಯಲಿ ಅಂತ ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ. ದಿನಕ್ಕೆ ನಾಲ್ಕೈದು ಸಲ ಕಂಪ್ಯೂಟರಿನಲ್ಲಿ ಪಟ್ಟಿ ತೆಗೆದು ನನ್ನ ಕೆಳಗಿನ ಹೆಸರು ಎಣಿಸುವುದು ಚಟವಾಯಿತು. ಮೂವತ್ತು. ಹದಿನೇಳು. ಕ್ರಿಸ್‌ಮಸ್ ಕಳೆದ ಮೇಲೆ ಆರು.

ಆ ದಿನಗಳ ಒಂದು ರಾತ್ರಿ ಚೆನ್ನಾಗಿ ನೆನಪಿದೆ. ಜನವರಿ ಮೊದಲ ವಾರ, ಮೈನಸ್ 20 ಡಿಗ್ರಿ. ಧಾನ್ಯದ ಗಾಡಿ, ಏರು ಹತ್ತುವಾಗ ಫಟ್ ಎಂದು ಗಾಳಿ ಬಿಟ್ಟು ಎಮರ್ಜೆನ್ಸಿ ಬ್ರೇಕ್ ಹಿಡಿದು ನಿಂತಿತು. ಲಾಟೀನು ಹಿಡಿದು ನಡೆದೆ. ಇಪ್ಪತ್ತೆರಡನೇ ವ್ಯಾಗನ್ನಿನ ಹಿಂದೆ ನಕಲ್ ಮುರಿದಿತ್ತು. ವ್ಯಾಗನ್ನುಗಳು ಪರಸ್ಪರ ಕೈ ಹಿಡಿದಂತೆ ಕೊಂಡಿ ಹಾಕಿಕೊಳ್ಳುತ್ತವಲ್ಲ, ಆ ಮಡಚಿದ ಬೆರಳಿನಂಥ ಉಕ್ಕಿನ ತುಂಡೇ ನಕಲ್. ಸುಮಾರು 36 ಕೆಜಿ ತೂಕ. ಬಿಡಿ ನಕಲ್ ಇರುವುದು ಎಂಜಿನ್ನಿನಲ್ಲಿ. ಹೊಸಬನಾಗಿದ್ದಾಗ ಇಂಥದ್ದೇ ಒಂದನ್ನು ಹೆಗಲ ಮೇಲೆ ಹೊತ್ತು ಜಲ್ಲಿಯ ಮೇಲೆ ಹದಿನೈದು ವ್ಯಾಗನ್ ದೂರ ನಡೆದು ವಾರವಿಡೀ ಸೊಂಟ ಹಿಡಿದುಕೊಂಡಿದ್ದೆ.

ಅವತ್ತಿನ ಎಂಜಿನಿಯರ್ 1978ರಲ್ಲಿ ಸೇರಿದವನು. ರೇಡಿಯೋದಲ್ಲಿ ಕೇಳಿದ: "ಮುರಿದದ್ದು ಯಾವ ಕಡೆಯದು? ಮುಂದಿನ ತುಂಡಿನದಾ, ಹಿಂದಿನದಾ?" ಮುಂದಿನದು ಅಂದೆ. "ಹಾಗಾದರೆ ಹೊರಬೇಡ. ನಾನಿಲ್ಲಿ ಕೆಳಗೆ ಹಾಕುತ್ತೇನೆ." ಹಿಂದಿನ ತುಂಡಿಗೆ ಹ್ಯಾಂಡ್ ಬ್ರೇಕ್ ಬಿಗಿದೆ, ಇಪ್ಪತ್ತೆರಡನೆಯದರ ಗಾಳಿ ಕೊಳವೆಯ ಕಾಕ್ ಮುಚ್ಚಿದೆ, ಏಣಿ ಹಿಡಿದು ನಿಂತು "ಮುಂದೆ, ಇಪ್ಪತ್ತೆರಡು ವ್ಯಾಗನ್" ಅಂದೆ. ಅವನು ಎಂಜಿನ್ನಿನ ಪಕ್ಕ ನಕಲ್ ಉರುಳಿಸಿ, ಗಾಡಿಯನ್ನು ಮೆಲ್ಲಗೆ ಮುಂದೆ ಎಳೆದ. ಇಪ್ಪತ್ತೆರಡು ವ್ಯಾಗನ್ ದಾಟುವ ಹೊತ್ತಿಗೆ ನಾನು ನಿಂತ ಜಾಗ ತಾನಾಗಿ ನಕಲ್ ಬಿದ್ದಿದ್ದಲ್ಲಿಗೆ ಬಂದು ನಿಂತಿತು. ಹಿಮದಲ್ಲಿ ಕಪ್ಪಗೆ ಮಲಗಿತ್ತು. ಪಿನ್ ಎಳೆದು, ಮುರಿದದ್ದನ್ನು ತೆಗೆದು, ಹೊಸದನ್ನು ಮೊಣಕಾಲ ಮೇಲಿಟ್ಟು ಎತ್ತಿ ಕೂರಿಸಿದೆ. ಕೈಗವಸಿನ ಒಳಗೆ ಬೆರಳು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ವಾಪಸ್ ತಳ್ಳಿ ಜೋಡಿಸಿ, ಹೋಸ್ ಸಿಕ್ಕಿಸಿ, ಗಾಳಿ ತುಂಬಿ ಹೊರಡಲು ಒಂದು ಗಂಟೆ ಹತ್ತು ನಿಮಿಷ.

ಕ್ಯಾಬಿಗೆ ಹತ್ತಿದ ಮೇಲೆ ಅವನು ಕಾಫಿ ಬಗ್ಗಿಸಿ ಕೊಟ್ಟು ತನ್ನ ಕಥೆ ಹೇಳಿದ. 1982ರಲ್ಲಿ ಅವನಿಗೂ ಫರ್ಲೋ ಆಗಿತ್ತು, ಮೂರು ವರ್ಷಕ್ಕೂ ಮೇಲೆ. ಆಗ ಒಂದು ಗಾಡಿಗೆ ನಾಲ್ಕೈದು ಜನ ಇರುತ್ತಿದ್ದರು. 1980ರಲ್ಲಿ ದೇಶದ ದೊಡ್ಡ ರೈಲ್ವೆಗಳಲ್ಲಿ ನಾಲ್ಕೂವರೆ ಲಕ್ಷ ನೌಕರರಿದ್ದರು. ನಾನು ಸೇರುವ ಹೊತ್ತಿಗೆ ಒಂದೂ ಮುಕ್ಕಾಲು ಲಕ್ಷವೂ ಇರಲಿಲ್ಲ. "ನಿನ್ನ ಕೆಳಗೆ ಎಷ್ಟು ಜನ?" ಅಂತ ಕೇಳಿದ. ಆರು ಅಂದೆ. ಅವನು ಕಿಟಕಿಯಾಚೆ ನೋಡಿದ. "ತಿಂಗಳಿಗೆ ಒಂದು ದಿನವಾದರೂ ದುಡಿಯುವ ದಾರಿ ನೋಡು" ಅಂದ. ಅದೇಕೆ ಅಂತ ಆಗ ಅರ್ಥವಾಗಲಿಲ್ಲ, ಕೇಳಲೂ ಇಲ್ಲ.

ಮೂರು ವಾರದಲ್ಲಿ ನನ್ನ ಸರದಿ ಬಂತು. ಕ್ರೂ ಕರೆಯುವ ಕಚೇರಿಯ ಹೆಂಗಸು, ಪಾಪ, ಅವತ್ತು ಅದೆಷ್ಟನೆಯ ಫೋನೋ, ಬರೆದಿಟ್ಟಿದ್ದನ್ನು ಓದಿದಂತೆ ಹೇಳಿ ಮುಗಿಸಿದಳು. ಲಾಕರ್ ಖಾಲಿ ಮಾಡಿ, ರೇಡಿಯೋ ಒಪ್ಪಿಸಿ ಬಂದೆ. ಮೂರನೇ ಚೀಟಿಯ ಗೆಳೆಯ ಇನ್ನೂ ಎರಡು ವಾರ ಉಳಿದುಕೊಂಡ. ಎರಡು ವಾರ ಅಂದರೆ ಒಂದು ಸಂಬಳ.

ಅಪ್ಪನಿಗೆ ಇದನ್ನು ಹೇಳುವುದೇ ದೊಡ್ಡ ಕಷ್ಟವಾಯಿತು. "ಸಸ್ಪೆಂಡ್ ಮಾಡಿದ್ರಾ? ಏನ್ ತಪ್ಪು ಮಾಡ್ದೆ?" ತಪ್ಪೇನೂ ಇಲ್ಲ, ಸರಕಿಲ್ಲ ಅಂದೆ. "ಸರಕಿಲ್ಲದಿದ್ರೆ ರೈಲ್ವೆಯವರು ಮನೆಗೆ ಕಳಿಸ್ತಾರೇನೋ?" ಅವರ ಇಡೀ ಸರ್ವೀಸಿನಲ್ಲಿ ಹಾಗೆ ಆಗಿದ್ದಿಲ್ಲ. ಕೊನೆಯವರೆಗೂ ನಾನು ಏನೋ ಮುಚ್ಚಿಡುತ್ತಿದ್ದೇನೆ ಅಂತಲೇ ಅವರ ಅನುಮಾನ.

ಇನ್ನು ಹೊಟ್ಟೆಪಾಡಿನ ಲೆಕ್ಕ. ಇಲ್ಲಿ ರೈಲ್ವೆಯವರ ನಿರುದ್ಯೋಗ ಭತ್ಯೆ ರಾಜ್ಯ ಸರ್ಕಾರದ್ದಲ್ಲ. 1938ರ ಪ್ರತ್ಯೇಕ ಕಾಯ್ದೆಯಿದೆ, ಶಿಕಾಗೋದಲ್ಲಿ ಮುಖ್ಯ ಕಚೇರಿಯಿರುವ ರೈಲ್‌ರೋಡ್ ರಿಟೈರ್ಮೆಂಟ್ ಬೋರ್ಡ್ ಅದನ್ನು ನೋಡಿಕೊಳ್ಳುತ್ತದೆ. ಗೊತ್ತಿಲ್ಲದೆ ರಾಜ್ಯದ ಕಚೇರಿಯಲ್ಲಿ ಅರ್ಧ ದಿನ ಸರದಿ ನಿಂತೆ, ಇದು ನಮ್ಮದಲ್ಲ ಅಂದರು. ಹದಿನಾಲ್ಕು ದಿನಕ್ಕೊಂದು ಕ್ಲೇಮ್ ಹಾಕಬೇಕು, ಅದರಲ್ಲಿ ದುಡಿದ ದಿನಗಳನ್ನು ಬಿಡಿಸಿ ತೋರಿಸಬೇಕು. ಮೊದಲ ಸಲ ಒಂದು ವಾರ ಕಾಯುವ ಅವಧಿ ಅಂತ ಕಳೆಯುತ್ತಾರೆ. ಎರಡು ವಾರಕ್ಕೆ ಆರುನೂರು ಚಿಲ್ಲರೆ ಡಾಲರ್ ಬರುತ್ತಿತ್ತು. ಮಾಮೂಲಿಗೆ 26 ವಾರ. 2009ರ ಫೆಬ್ರವರಿಯಲ್ಲಿ ಒಬಾಮಾ ಸಹಿ ಹಾಕಿದ ಚೇತರಿಕೆ ಕಾಯ್ದೆಯಲ್ಲಿ ರೈಲ್ವೆಯವರಿಗೂ ಕೆಲವು ವಾರ ಹೆಚ್ಚಿಗೆ ಸಿಕ್ಕಿತು. ಬಾಡಿಗೆಗೂ ದಿನಸಿಗೂ ಅದು ಸಾಕಾಯಿತು. ಪಿಕಪ್ ಕಂತು ಇದ್ದಿದ್ದರೆ ಸಾಲುತ್ತಿರಲಿಲ್ಲ.

ನಿದ್ದೆ ಕೆಡಿಸಿದ್ದು ದುಡ್ಡಲ್ಲ, ಇನ್ಶೂರೆನ್ಸ್. ಮಗಳಿಗೆ ಆಗ ಮೂರು ವರ್ಷ, ಉಬ್ಬಸ. ನಮ್ಮ ಒಪ್ಪಂದದ ಪ್ರಕಾರ ಕೊನೆಯದಾಗಿ ದುಡಿದ ತಿಂಗಳು ಮುಗಿದು ನಾಲ್ಕು ತಿಂಗಳವರೆಗೆ ವೈದ್ಯಕೀಯ ರಕ್ಷಣೆ. ಜನವರಿಯಲ್ಲಿ ದುಡಿದಿದ್ದೆ, ಅಂದರೆ ಮೇ ಕೊನೆಗೆ ಬಂದ್. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೇ 31ಕ್ಕೆ ಹೆಂಡತಿ ಕೆಂಪು ಸುತ್ತು ಹಾಕಿದ್ದಳು. ಆಗ ಆ ಮುದುಕ ಎಂಜಿನಿಯರನ ಮಾತು ಅರ್ಥವಾಯಿತು. ಇಲ್ಲಿ ರೈಲ್ವೆ ಪಿಂಚಣಿಯ ಸೇವೆ ತಿಂಗಳ ಲೆಕ್ಕದಲ್ಲಿ. ತಿಂಗಳಲ್ಲಿ ಒಂದೇ ದಿನ ದುಡಿದರೂ ಆ ತಿಂಗಳು ಪೂರ್ತಿ ನಮ್ಮದು. ನನ್ನ ಹೆಸರಿನಲ್ಲಿ 29 ತಿಂಗಳಿದ್ದವು, ಪಿಂಚಣಿಯ ಹಕ್ಕಿಗೆ 60 ಬೇಕಿತ್ತು. ಮತ್ತೆ ದುಡಿದರೆ ಇನ್ಶೂರೆನ್ಸಿನ ಗಡಿಯಾರವೂ ಹೊಸದಾಗಿ ತಿರುಗತೊಡಗುತ್ತದೆ.

ಹಾಗಾಗಿ ಏಪ್ರಿಲ್‌ನಲ್ಲಿ ಐನೂರು ಕಿಲೋಮೀಟರ್ ದೂರದ ಟರ್ಮಿನಲ್ಲಿನಲ್ಲಿ ತಾತ್ಕಾಲಿಕವಾಗಿ ಜನ ಬೇಕಾಗಿದ್ದಾರೆ ಅಂತ ನೋಟೀಸು ಬಂದಾಗ ಯೋಚಿಸಲಿಲ್ಲ. ಬಹಳ ಜನ ಬೇಡವೆಂದರು: ಮೋಟೆಲ್ ಖರ್ಚು, ದೂರ, ಗುರುತಿಲ್ಲದ ದಾರಿ. ನಾನೂ ಮೂರನೇ ಚೀಟಿಯವನೂ ಒಂದೇ ಕೋಣೆ ಹಿಡಿದೆವು. ಅವನು ಹಗಲು ಮಲಗಿದರೆ ನಾನು ರಾತ್ರಿ. ಹೊಸ ದಾರಿಯಲ್ಲಿ ಏರು ಎಲ್ಲಿ, ಸಿಗ್ನಲ್ ಎಲ್ಲಿ ಅಂತ ಕಲಿಯುವಷ್ಟರಲ್ಲಿ ಐದೂವರೆ ವಾರ ಕಳೆದು ಅಲ್ಲೂ ಸರಕು ಬತ್ತಿತು. ಕೈಯಲ್ಲಿ ಉಳಿದ ಹಣ ಅಷ್ಟಕ್ಕಷ್ಟೇ. ಆದರೆ ಏಪ್ರಿಲ್, ಮೇ ಎರಡೂ ಲೆಕ್ಕಕ್ಕೆ ಸೇರಿದವು, ಕ್ಯಾಲೆಂಡರಿನ ಕೆಂಪು ಸುತ್ತು ಸೆಪ್ಟೆಂಬರ್ 30ಕ್ಕೆ ಸರಿಯಿತು. ಆ ಹದಿನಾಲ್ಕು ತಿಂಗಳಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅಂದರೆ ಅದೊಂದೇ.

ದಡ್ಡತನವೂ ಒಂದು ಮಾಡಿದೆ. ಬೇಸಿಗೆಯಲ್ಲಿ ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಅರ್ಜಿಯಲ್ಲಿ "ರೈಲ್ವೆ, ಫರ್ಲೋ" ಅಂತ ನಿಜ ಬರೆದೆ. ಒಬ್ಬರೂ ಕರೆಯಲಿಲ್ಲ. ಒಬ್ಬ ಗೋದಾಮಿನ ಮ್ಯಾನೇಜರು ಮುಖಕ್ಕೇ ಹೇಳಿದ: ಅವರು ಕರೆದ ದಿನ ನೀನು ಓಡುತ್ತೀಯ, ಕಲಿಸಿದ್ದು ನನಗೆ ದಂಡ. ಅವನ ಮಾತಿನಲ್ಲಿ ತಪ್ಪೇನಿತ್ತು? ಆಮೇಲೆ ಮೂರ್ನಾಲ್ಕು ತಿಂಗಳ ಹಂಗಾಮಿನ ಕೆಲಸ ಮಾತ್ರ ಹುಡುಕಿದೆ.

ಸೆಪ್ಟೆಂಬರಿನಲ್ಲಿ ಧಾನ್ಯದ ಎಲಿವೇಟರಿನಲ್ಲಿ ಕೆಲಸ ಸಿಕ್ಕಿತು. ರೈತರು ತಂದ ಮೆಕ್ಕೆಜೋಳ, ಸೋಯಾ ತೂಗಿ, ಒಣಗಿಸಿ, ಎತ್ತರದ ಸಿಮೆಂಟ್ ಕಣಜಗಳಿಗೆ ಏರಿಸಿ, ಆಮೇಲೆ ರೈಲಿಗೆ ತುಂಬುವ ಜಾಗ. ಆ ವರ್ಷ ಅಕ್ಟೋಬರ್ ಪೂರ್ತಿ ಮಳೆ, ಜೋಳ ಒದ್ದೆಯಾಗಿಯೇ ಬಂತು. ಡ್ರೈಯರ್ ಹಗಲೂ ರಾತ್ರಿ ಹೂಂಕರಿಸುತ್ತಿತ್ತು. ಹೊರಗೆ ಟ್ರಾಕ್ಟರುಗಳ ಸಾಲು, ಒಳಗೆ ಕೆಂಪು ಹೊಟ್ಟಿನ ಧೂಳು ಕಣ್ಣಿಗೆ, ಮೂಗಿಗೆ, ಊಟದ ಡಬ್ಬಿಗೆ. ದೇಶದ ನಿರುದ್ಯೋಗ ಆ ತಿಂಗಳು ನೂರಕ್ಕೆ ಹತ್ತು ಮುಟ್ಟಿತ್ತು, ನಾನು ಮಾತ್ರ ವಾರಕ್ಕೆ ಎಪ್ಪತ್ತು ಗಂಟೆ ದುಡಿಯುತ್ತಿದ್ದೆ.

ಒಂದು ಬೆಳಗ್ಗೆ 110 ವ್ಯಾಗನ್ನಿನ ಖಾಲಿ ಗಾಡಿ ತುಂಬಿಸಲು ಬಂತು. ಇಳಿದ ಕಂಡಕ್ಟರ್ ನನಗೆ ಗೊತ್ತಿದ್ದವನೇ, ಹದಿನೈದು ವರ್ಷ ಹಳಬ. ನನ್ನ ಹಳದಿ ಟೋಪಿ, ಧೂಳು ಮೆತ್ತಿದ ಮುಖ ನೋಡಿ ಅವನಿಗೆ ಗುರುತು ಹತ್ತಲಿಲ್ಲ. ನಾನೂ ಮಾತಾಡಿಸಲಿಲ್ಲ. ಅವನು ಹ್ಯಾಂಡ್ ಬ್ರೇಕ್ ಎರಡು ಸಾಲದೆ ಇರುವ ಕಡೆ ಎರಡೇ ಬಿಗಿದು ಹೊರಟ. ಅವನು ತಿರುಗಿದ ಮೇಲೆ ನಾನು ಹೋಗಿ ಮೂರನೆಯದು ಬಿಗಿದೆ. ಆ ಬ್ರೇಕಿನ ಚಕ್ರ ಮುಟ್ಟುವ ಹಕ್ಕು ಅವತ್ತು ನನಗಿರಲಿಲ್ಲ.

ಎಲಿವೇಟರಿಗೆ ಹೋಗುವ ದಾರಿಯಲ್ಲಿ ಒಂದು ಸೈಡಿಂಗ್, ಅಂದರೆ ಪಕ್ಕದ ಹಳಿ, ಇತ್ತು. ಅಲ್ಲಿ ಕೆಲಸವಿಲ್ಲದ ಎಂಜಿನ್ನುಗಳನ್ನು ಒಂದರ ಹಿಂದೊಂದು ನಿಲ್ಲಿಸಿದ್ದರು, ಹೊಗೆಕೊಳವೆಗೆ ಮುಚ್ಚಳ ಹಾಕಿ. ಮೊದಲ ದಿನ ಎಣಿಸಿದಾಗ 34. ನವೆಂಬರಿನಲ್ಲಿ ಓಮಾಹಾದ ದೊಡ್ಡ ಹೂಡಿಕೆದಾರ ವಾರನ್ ಬಫೆಟ್ ಬಿಎನ್‌ಎಸ್‌ಎಫ್ ರೈಲ್ವೆಯನ್ನು ಇಡಿಯಾಗಿ ಕೊಳ್ಳುತ್ತೇನೆ ಅಂತ ಘೋಷಿಸಿದ. ನಮ್ಮದಲ್ಲ, ಇನ್ನೊಂದು. ಎಲಿವೇಟರಿನಲ್ಲಿ ಎಲ್ಲರೂ ನನ್ನ ಬೆನ್ನು ತಟ್ಟಿ ಇನ್ನೇನು ಒಳ್ಳೆಯ ಕಾಲ ಅಂದರು. ಸಂಜೆ ವಾಪಸ್ ಬರುವಾಗ ಎಣಿಸಿದೆ: 34. ಜನವರಿ ಕೊನೆಗೆ 27 ಆಗಿತ್ತು. ನನಗೆ ಆ ಸಂಖ್ಯೆಯ ಮೇಲೆ ಬಫೆಟ್ಟಿಗಿಂತ ಹೆಚ್ಚು ನಂಬಿಕೆ.

ಅಕ್ಟೋಬರಿನಿಂದ ಇನ್ಶೂರೆನ್ಸ್ ಇರಲಿಲ್ಲ; ಮಗಳನ್ನು ರಾಜ್ಯ ಸರ್ಕಾರದ ಮಕ್ಕಳ ಯೋಜನೆಗೆ ಸೇರಿಸಿದೆವು, ನಾವಿಬ್ಬರೂ ದೇವರ ಮೇಲೆ ಭಾರ ಹಾಕಿ ಚಳಿಗಾಲ ದಾಟಿದೆವು.

2010ರ ಮಾರ್ಚಿನಲ್ಲಿ ರಿಜಿಸ್ಟರ್ಡ್ ಪತ್ರ. ಹದಿನೈದು ದಿನದೊಳಗೆ ಹಾಜರಾಗದಿದ್ದರೆ ಸೀನಿಯಾರಿಟಿ ಹೋಯಿತು. ಮೂರನೇ ಚೀಟಿಗೆ ಹನ್ನೆರಡು ದಿನ ಮೊದಲೇ ಬಂದಿತ್ತು. ಅಷ್ಟರಲ್ಲಿ ನಿಯಮಗಳೂ ಬದಲಾಗಿದ್ದವು. 2008ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ ಪ್ರಯಾಣಿಕರ ರೈಲು ಗೂಡ್ಸ್‌ಗೆ ಡಿಕ್ಕಿಯಾಗಿ 25 ಜನ ಸತ್ತರು. ಮರು ತಿಂಗಳೇ ಸುರಕ್ಷತಾ ಕಾಯ್ದೆ ಬಂತು. ಅದರಂತೆ 2009ರ ಜುಲೈನಿಂದ ಪಾಳಿ ಪಾಳಿಯ ನಡುವೆ ಹತ್ತು ಗಂಟೆ ಅಡ್ಡಿಯಿಲ್ಲದ ವಿಶ್ರಾಂತಿ, ಸತತ ಆರು ದಿನ ದುಡಿದರೆ 48 ಗಂಟೆ ಬಿಡುವು, ತಿಂಗಳಿಗೆ 276 ಗಂಟೆಯ ಮಿತಿ. ಇದ್ದವರು ಮೊದಲಿನಷ್ಟು ಓಡುವಂತಿಲ್ಲ, ಹಾಗಾಗಿ ನಿಮ್ಮನ್ನು ಕರೆದರು ಅಂತ ಹಳಬರು ಹೇಳಿದರು. ಸರಕೂ ಸ್ವಲ್ಪ ಏರಿತ್ತು. ನನ್ನ ಕೆಳಗಿದ್ದವರಲ್ಲಿ ಅನೇಕರು ಆಮೇಲೆ ಕರೆ ಬಂದರೂ ಬರಲಿಲ್ಲ. ಒಬ್ಬ ಟ್ರಕ್ ಓಡಿಸಲು ಹೋದ, ಇಬ್ಬರು ಮನೆಯ ಸಾಲ ಕಟ್ಟಲಾಗದೆ ಊರನ್ನೇ ಬಿಟ್ಟಿದ್ದರು.

ಮೊದಲ ಕರೆ ರಾತ್ರಿ ಒಂದೂವರೆಗೆ ಬಂತು. ಒಂದು ಪಾಳಿಗಿರುವ ಹನ್ನೆರಡು ಗಂಟೆಯ ಮಿತಿ ಮುಗಿದು ಸಿಬ್ಬಂದಿ 'ಸತ್ತ', ಅಂದರೆ ಇನ್ನು ಓಡಿಸುವಂತಿಲ್ಲದ, ಗಾಡಿಯೊಂದು ಹೊಲಗಳ ನಡುವೆ ನಿಂತಿದೆ, ಹೋಗಿ ತಗೊಂಡು ಬನ್ನಿ. ವ್ಯಾನಿನಲ್ಲಿ ಕರೆದೊಯ್ದು ಲೆವೆಲ್ ಕ್ರಾಸಿಂಗಿನಲ್ಲಿ ಇಳಿಸಿದರು. ಹಿಮ ಕರಗಿದ ಕೆಸರು, ಎಂಜಿನ್ನಿನ ಗುಡುಗುಡು ಸದ್ದು. ಏಣಿಯಿಂದ ಇಳಿದು ಬಂದು ಕಾಗದ ಒಪ್ಪಿಸಿದವನು ಮೂರನೇ ಚೀಟಿ. ಕಣ್ಣು ಕೆಂಪಗಾಗಿತ್ತು.

"ಎಷ್ಟು ಬ್ರೇಕ್ ಬಿಗಿದಿದ್ದೀಯ?" ಅಂದೆ.

"ಹತ್ತು. ನಿನ್ನ ಕೆಳಗೆ ಎಷ್ಟು ಜನ?"

"ಯಾರೂ ಇಲ್ಲ."

"ನನ್ನ ಕೆಳಗೆ ಒಬ್ಬ ಇದ್ದಾನೆ" ಅಂದು ನನ್ನ ಭುಜ ತಟ್ಟಿ, ವ್ಯಾನ್ ಹತ್ತಿ ಬಾಗಿಲು ಎಳೆದುಕೊಂಡ. ನಾನು ಲಾಟೀನು ಹಚ್ಚಿ ಹತ್ತು ಬ್ರೇಕ್ ಬಿಡಿಸಲು ಹಿಂದಕ್ಕೆ ನಡೆದೆ.